ಇವತ್ತು ಯಾವುದು ಹೋಯಿತು?

ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ನನ್ನ ಮೊಬೈಲ್ ತಾನಾಗಿಯೇ ಒಂದು ಚಿತ್ರಮಾಲೆ ಕಟ್ಟಿ ಕೊಡುತ್ತದೆ. ಮೇಲೆ 2022ರ ನೆನಪುಗಳು ಎಂಬ ಶೀರ್ಷಿಕೆ, ಹಿನ್ನೆಲೆಯಲ್ಲಿ ಮೆಲುವಾದ ಸಂಗೀತ. ಮೊದಲು ಮಗ ಹೊಸ ಅಂಗಿ ತೊಟ್ಟು ಸುರುಸುರುಬತ್ತಿ ಹಿಡಿದು ನಿಂತ ಚಿತ್ರ ಬರುತ್ತದೆ. ಅದರ ಬೆನ್ನಿಗೇ ಮಣ್ಣಿನ ಮೇಲೆ ಅಡ್ಡಬಿದ್ದ ಕೆಂಪು ಹಸು. ಅದರ ಕಿವಿಯಲ್ಲಿನ ಹಳದಿ ಓಲೆಯ ಹನ್ನೆರಡು ಅಂಕಿಗಳೂ ಓದಲು ಬರುವಷ್ಟು ಹತ್ತಿರದಿಂದ ತೆಗೆದ ಚಿತ್ರ ಅದು. ಮತ್ತೆ ಮಗ, ಈ ಸಲ ಅಜ್ಜಿಯ ಮಡಿಲಲ್ಲಿ. ಮತ್ತೆ ಒಂದು ಎತ್ತು, ಪಕ್ಕದಲ್ಲಿ ಹೆಗಲ ಮೇಲಿನ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಿಂತ ಯಜಮಾನ. ಸಂಗೀತ ಮಾತ್ರ ಎಲ್ಲಕ್ಕೂ ಒಂದೇ.

ಆ ಚಿತ್ರಗಳನ್ನು ತೆಗೆದವಳು ನಾನೇ. ಚರ್ಮಗಂಟು ರೋಗ ನಮ್ಮ ಕಡೆ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹಬ್ಬಿದ ವರ್ಷ ಅದು. ಸತ್ತ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಪರಿಹಾರವೆಂದು ಸರ್ಕಾರ ಘೋಷಿಸಿತ್ತು. ಅರ್ಜಿಯ ಜೊತೆಗಿರಲೆಂದು ಪ್ರತಿಯೊಂದು ರಾಸಿನ ಚಿತ್ರ ತೆಗೆದೆ. ಕಿವಿಯೋಲೆಯ ಸಂಖ್ಯೆ ಕಾಣಬೇಕು, ಮಾಲೀಕರ ಮುಖವೂ ಕಾಣಬೇಕು. "ಸ್ವಲ್ಪ ಇತ್ತ ನೋಡಿ" ಎಂದು ಅಳುತ್ತಿರುವವರಿಗೆ ಹೇಳಬೇಕಾಗುತ್ತಿತ್ತು. ಆ ಕಡತಗಳೆಲ್ಲ ಮುಗಿದು ವರ್ಷಗಳಾದವು. ಚಿತ್ರಗಳನ್ನು ಇಟ್ಟುಕೊಳ್ಳಬೇಕಾದ ಯಾವ ಕಾರಣವೂ ಈಗ ಇಲ್ಲ. ಅಳಿಸಲು ಕುಳಿತಾಗಲೆಲ್ಲ ಹೆಬ್ಬೆರಳು ಅಲ್ಲೇ ನಿಲ್ಲುತ್ತದೆ. ಯಾಕೆಂದು ಯೋಚಿಸುತ್ತಾ ಹೋದದ್ದೇ ಈ ಬರಹ.

ತಲೆ ಹಿಡಿಯುವವರು

ನಾನು ಪಶುವೈದ್ಯೆಯಲ್ಲ. ಪಶುಸಂಗೋಪನೆಯಲ್ಲಿ ಡಿಪ್ಲೊಮಾ ಮಾಡಿ ಹಾವೇರಿ ಜಿಲ್ಲೆಯಲ್ಲಿ ಪಶುವೈದ್ಯಕೀಯ ಪರೀಕ್ಷಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಬ್ರಿಟನ್ನಿನಲ್ಲಿ ಪಶುವೈದ್ಯರ ಪಕ್ಕದಲ್ಲಿ ನಿಂತು ದುಡಿಯುವವರನ್ನು ವೆಟರ್ನರಿ ನರ್ಸ್ ಎನ್ನುತ್ತಾರೆ, ಅವರಿಗೆಂದೇ 1961ರಿಂದ ಪ್ರತ್ಯೇಕ ತರಬೇತಿಯಿದೆ. ನಮ್ಮಲ್ಲಿ ಜಾನುವಾರಿನ ದಾದಿ ಎಂದರೆ ಜನರಿಗೆ ಅರ್ಥವಾಗಲಿಕ್ಕಿಲ್ಲ. ಊರವರ ಬಾಯಲ್ಲಿ ನಾನು ದನದ ಡಾಕ್ಟರಮ್ಮ. ಲಸಿಕೆ ಹಾಕುತ್ತೇನೆ, ಕೃತಕ ಗರ್ಭಧಾರಣೆ ಮಾಡುತ್ತೇನೆ, ಗಾಯ ತೊಳೆದು ಮುಲಾಮು ಹಚ್ಚುತ್ತೇನೆ, ವಹಿ ಬರೆಯುತ್ತೇನೆ. ಇವೆಲ್ಲಕ್ಕಿಂತ ಹೆಚ್ಚಾಗಿ ತಲೆ ಹಿಡಿಯುತ್ತೇನೆ.

ಇದನ್ನು ಮಾಡದವರಿಗೆ ಹೇಳಬೇಕು. ವೈದ್ಯರು ರಕ್ತನಾಳಕ್ಕೆ ಸೂಜಿ ಹಾಕುವಾಗ, ಅಡ್ಡ ಬಂದ ಕರುವನ್ನು ಒಳಗೇ ತಿರುಗಿಸುವಾಗ, ರಾಸು ಮಿಸುಕಾಡದಂತೆ ಒಬ್ಬರು ಮುಂದೆ ನಿಲ್ಲಬೇಕು. ಒಂದು ಕೈಯಲ್ಲಿ ಕೊಂಬು, ಇನ್ನೊಂದು ಕೈಯ ಹೆಬ್ಬೆರಳು ತೋರುಬೆರಳು ಮೂಗಿನ ಹೊಳ್ಳೆಗಳ ನಡುವಿನ ಮೃದುವಾದ ಗೋಡೆಯ ಮೇಲೆ. ಅದರ ಉಸಿರು ಮುಂಗೈಗೆ ಬಡಿಯುತ್ತಿರುತ್ತದೆ. ಜ್ವರ ಎಷ್ಟಿದೆ ಎಂಬುದು ಥರ್ಮಾಮೀಟರ್ ಹೇಳುವ ಮೊದಲೇ ಮುಂಗೈಗೆ ತಿಳಿಯುತ್ತದೆ. ಕಣ್ಣು ಒಂದು ಗೇಣು ದೂರದಲ್ಲಿರುತ್ತದೆ. ವೈದ್ಯರು ನೋಡುತ್ತಿರುವುದು ಕಾಯಿಲೆಯನ್ನು. ಆ ಕಣ್ಣನ್ನು ನೋಡುತ್ತಾ ನಿಲ್ಲುವವರು ನಾವು. ಏನು ಮಾಡಬೇಕೆಂದು ತೀರ್ಮಾನಿಸುವ ಅಧಿಕಾರ ನಮಗಿಲ್ಲ, ಹಿಡಿದ ಕೈ ಬಿಡುವ ಹಾಗೂ ಇಲ್ಲ.

ಇನ್ನೊಂದು ಮಾತು. ಕೊಟ್ಟಿಗೆಯಲ್ಲಿ ಗಂಡಸರು ವೈದ್ಯರ ಜೊತೆ ಮಾತಾಡುತ್ತಾರೆ, ಹೆಂಗಸರು ನನ್ನ ಜೊತೆ. ಹಸು ಬದುಕುತ್ತದೆಯೇ ಎಂಬ ಪ್ರಶ್ನೆ ಅತ್ತ ಕಡೆ ನಡೆಯುತ್ತಿದ್ದರೆ, ಇತ್ತ ಹಿತ್ತಲ ಬಾಗಿಲಲ್ಲಿ ಸಂಘದ ಕಂತಿಗೆ ಇನ್ನು ಎಷ್ಟು ವಾರ ಉಳಿದಿವೆ ಎಂಬ ಲೆಕ್ಕ ನನ್ನ ಕಿವಿಗೆ ಬೀಳುತ್ತಿರುತ್ತದೆ. ಹಾಲಿನ ಡೇರಿಯ ಬಟವಾಡೆಯೇ ಆ ಹೆಂಗಸರ ಕೈಗೆ ನೇರವಾಗಿ ಬರುವ ಹಣ. ಹಸು ಹೋದರೆ ಒಂದು ಜೀವ ಹೋಯಿತು ಎಂದಷ್ಟೇ ಅಲ್ಲ. ಇದನ್ನೆಲ್ಲ ಕೇಳಿಸಿಕೊಂಡು ನಾನು ತಲೆಯಾಡಿಸುತ್ತೇನೆ. ಕೇಳಿದ್ದನ್ನು ಬರೆದುಕೊಳ್ಳಲು ವಹಿಯಲ್ಲಿ ಅಂಕಣವಿಲ್ಲ.

ಕಾಲುವೆಯ ದಂಡೆ

ನಮ್ಮ ಆಸ್ಪತ್ರೆಯಲ್ಲಿ ಡಿ ಗುಂಪಿನ ನೌಕರರೊಬ್ಬರಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ರಿಂಡರ್‌ಪೆಸ್ಟ್ ಎಂಬ ದನಗಳ ದೊಡ್ಡರೋಗ ಇನ್ನೂ ಇದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದವರು. 1995ರ ನಂತರ ನಮ್ಮ ದೇಶದಲ್ಲಿ ಕಾಣಿಸಿಕೊಳ್ಳದ, 2011ರಲ್ಲಿ ಇಡೀ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಣೆಯಾದ ಆ ರೋಗವನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಅವರು ಮೂಗಿನಿಂದ ಬಲ್ಲವರು. ಆ ವಾಸನೆಯ ಬಗ್ಗೆ ಒಮ್ಮೆ ಮಾತ್ರ ಹೇಳಿದರು, ಮತ್ತೆ ಹೇಳಲಿಲ್ಲ.

ಚರ್ಮಗಂಟಿನ ಆ ಮೂರು ತಿಂಗಳು ಸಂಜೆ ಊರುಗಳಿಂದ ಹಿಂತಿರುಗುವಾಗ ಅವರು ತುಂಗಾ ಮೇಲ್ದಂಡೆ ಕಾಲುವೆಯ ಪಕ್ಕ ಬೈಕ್ ನಿಲ್ಲಿಸುತ್ತಿದ್ದರು. ಕ್ಯಾನಿನಿಂದ ನೀರು ಸುರಿದು, ತೆಂಗಿನ ನಾರಿನಿಂದ ಬೂಟುಗಳ ಅಡಿಭಾಗ ಉಜ್ಜಬೇಕು. ಒಂದು ಊರಿನ ಕೆಸರು ಇನ್ನೊಂದು ಊರಿಗೆ ಹೋಗಬಾರದು. ಈ ರೋಗವನ್ನು ಮುಖ್ಯವಾಗಿ ಹರಡುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಉಜ್ಜುತ್ತಾ ಉಜ್ಜುತ್ತಾ, ನನ್ನ ಮುಖ ನೋಡದೆ ಕೇಳುತ್ತಿದ್ದರು: "ಇವತ್ತು ಯಾವುದು ಹೋಯಿತು?"

ಎಷ್ಟು ಹೋದವು ಎಂದು ಕೇಳುತ್ತಿರಲಿಲ್ಲ. ಆ ಲೆಕ್ಕವನ್ನು ಸಂಜೆ ಆರಕ್ಕೆ ಮೇಲಿನವರಿಗೆ ಕಳಿಸಿಯಾಗಿರುತ್ತಿತ್ತು. ಯಾವುದು ಎಂದು ಕೇಳುತ್ತಿದ್ದರು. ನಾನು ಹೇಳಬೇಕಾಗಿತ್ತು: ಮೇಲಿನ ಓಣಿಯ ಜೆರ್ಸಿ ಮಿಶ್ರತಳಿ, ಮೂರನೇ ಸೂಲು, ಎಡಗೊಂಬು ಸ್ವಲ್ಪ ಮುರಿದದ್ದು, ಮನೆಯವರು ಕೆಂದಿ ಎಂದು ಕರೆಯುತ್ತಿದ್ದರು. ಅವರು ಹ್ಞೂಂ ಎನ್ನುತ್ತಿದ್ದರು. ಸಮಾಧಾನದ ಮಾತಿಲ್ಲ, ವೇದಾಂತವಿಲ್ಲ. ಬೂಟು ಶುದ್ಧವಾದ ಮೇಲೆ ಬೈಕ್ ಏರುತ್ತಿದ್ದೆವು. ಅದನ್ನು ನಾನು ಆಗ ಹಳೆಯ ಮನುಷ್ಯರ ಹರಟೆ ಎಂದುಕೊಂಡಿದ್ದೆ. ಕೆಲವು ಸಂಜೆ ಮನೆಗೆ ತಡವಾಗುತ್ತದೆಂದು ಒಳಗೊಳಗೇ ರೇಗಿದ್ದೂ ಇದೆ. 2023ರ ಜನವರಿಯಲ್ಲಿ ಅವರು ನಿವೃತ್ತರಾಗಿ ಮಗನ ಊರಿಗೆ ಹೋದರು.

ಸೂಜಿ

ಕಾಕಾನಿಗೂ ಹೇಳದೆ ಉಳಿದದ್ದು ಒಂದಿತ್ತು.

ರೋಗ ಕಂಡ ಊರಿನ ಸುತ್ತಲಿನ ಊರುಗಳಲ್ಲಿ ಆರೋಗ್ಯವಂತ ರಾಸುಗಳಿಗೆ ಮೇಕೆ ಸಿಡುಬಿನ ಲಸಿಕೆ ಹಾಕುತ್ತಿದ್ದೆವು. ಒಂದು ರಾಸಿಗೆ ಒಂದು ಸೂಜಿ ಎಂಬುದು ನಿಯಮ. ಆ ದಿನ ಬೆಳಗ್ಗೆ ಹೊರಡುವ ಗಡಿಬಿಡಿಯಲ್ಲಿ ನಾನು ಸೂಜಿ ಎಣಿಸಲಿಲ್ಲ. ಹನ್ನೆರಡೂವರೆಗೆ, ಕೆಳಗಿನ ಓಣಿಯ ಒಂದು ಮನೆಯ ಮುಂದೆ, ಚೀಲಕ್ಕೆ ಕೈ ಹಾಕಿದರೆ ಒಂದೇ ಸೂಜಿ. ಮನೆಯಲ್ಲಿ ಒಂದು ಹಸು, ಒಂದು ಎಮ್ಮೆ, ಆರು ತಿಂಗಳ ಹೋರಿಗರು. ಐಸ್ ಕರಗುತ್ತಿತ್ತು. ಕಲಸಿದ ಲಸಿಕೆ ಹೆಚ್ಚು ಹೊತ್ತು ಇಡುವಂತಿಲ್ಲ. ಆ ಹೆಂಗಸು ಕೂಲಿ ಬಿಟ್ಟು ನಿಂತಿದ್ದಳು. ಸ್ಪಿರಿಟ್ಟಿನಲ್ಲಿ ಅದ್ದಿ, ಒರೆಸಿ, ಮೂರಕ್ಕೂ ಅದೇ ಸೂಜಿ ಬಳಸಿದೆ. ಕರು ಕೊನೆಯದು.

ಆರನೇ ದಿನ ಆ ಕರುವಿನ ಕುತ್ತಿಗೆಯ ಮೇಲೆ ಅಡಿಕೆ ಗಾತ್ರದ ಗಂಟುಗಳೆದ್ದವು. ಹದಿನೈದನೇ ದಿನ ಅದು ಸತ್ತಿತು.

ಸೋಂಕು ಒಳಗೆ ಸೇರಿ ಗಂಟು ಹೊರಗೆ ಕಾಣುವ ತನಕ ನಾಲ್ಕು ವಾರ ಹಿಡಿಯಬಹುದು ಎಂಬುದನ್ನು ನಾನು ಓದಿದ್ದೇನೆ. ಲಸಿಕೆ ಹಾಕುವ ಮೊದಲೇ ನೊಣ ಕಚ್ಚಿರಬಹುದು. ಹಸುವಿಗೂ ಎಮ್ಮೆಗೂ ಏನೂ ಆಗಲಿಲ್ಲ. ಸೂಜಿಯಿಂದಲೂ ರೋಗ ದಾಟಬಹುದು ಎಂಬುದನ್ನೂ ನಾನು ಓದಿದ್ದೇನೆ. ಈ ಎರಡು ವಾಕ್ಯಗಳ ನಡುವೆ ನಾನು ಎಷ್ಟು ರಾತ್ರಿ ಓಡಾಡಿದ್ದೇನೆಂದು ಲೆಕ್ಕವಿಟ್ಟಿಲ್ಲ.

ಪಾಡ್ಯದ ಸಂಜೆ

ಆ ವರ್ಷ ದೀಪಾವಳಿ ಅಮಾವಾಸ್ಯೆಯಂದೇ ಸೂರ್ಯಗ್ರಹಣ ಬಂದಿತ್ತು. ರೋಗಕ್ಕೂ ಗ್ರಹಣಕ್ಕೂ ಊರು ನಂಟು ಕಟ್ಟಿತ್ತು. ಬಲಿಪಾಡ್ಯಮಿ ಅಕ್ಟೋಬರ್ 26ಕ್ಕೆ ಬಿತ್ತು. ಹಬ್ಬದ ದಿನವಾದರೂ ಸಂಜೆ ಫೋನು ಬಂತು. ಮನೆಯಲ್ಲಿ ಹೋಳಿಗೆಯ ಹೂರಣ ಅರ್ಧಕ್ಕೇ ಬಿಟ್ಟು ಹೋದೆ.

ಮೊದಲೇ ನೋಡುತ್ತಿದ್ದ ಹಸು ಅದು. ಎದೆಯ ಕೆಳಗೆ ನೀರು ತುಂಬಿ ಜೋತು ಬಿದ್ದಿತ್ತು, ಮುಂಗಾಲು ಎರಡರಷ್ಟು ದಪ್ಪವಾಗಿತ್ತು, ಕುತ್ತಿಗೆಯ ಗಂಟುಗಳು ಒಡೆದು ಕೆಂಪು ಕುಳಿಗಳಾಗಿದ್ದವು. ನಾವು ಕೊಟ್ಟ ಇಂಜೆಕ್ಷನ್ನುಗಳೂ ನಡೆದಿದ್ದವು, ವೀಳ್ಯದೆಲೆ, ಕಾಳುಮೆಣಸು, ಉಪ್ಪು ಅರೆದು ಬೆಲ್ಲದ ಜೊತೆ ತಿನ್ನಿಸುವ ಮದ್ದೂ ನಡೆದಿತ್ತು. ಮೆಲುಕು ನಿಂತು ಎರಡು ದಿನವಾಗಿತ್ತು. ಬಾಗಿಲ ಎರಡೂ ಬದಿಗೆ ಸಗಣಿಯ ಹಟ್ಟೆವ್ವ ಕೂತಿದ್ದಳು, ಮೇಲೆ ಚೆಂಡುಹೂವು, ಉತ್ತರಾಣಿ ಕಡ್ಡಿ. ಮನೆಯ ಅಜ್ಜಿ ನನ್ನನ್ನು ಕರೆಸಿದ್ದು ಚಿಕಿತ್ಸೆಗಲ್ಲ. ಪೂಜೆ ಮಾಡಬೇಕು, ಸ್ವಲ್ಪ ತಲೆ ಹಿಡಿದುಕೊಳ್ಳಬೇಕು ಎಂದಳು.

ಹಸು ಏಳಲಾರದು. ಆದ್ದರಿಂದ ಅಜ್ಜಿಯೇ ಕೆಳಗೆ ಕುಳಿತಳು. ಕುಂಕುಮ ಹಚ್ಚಿದಳು. ಚೆಂಡುಹೂವಿನ ಹಾರವನ್ನು ಕೊಂಬಿನ ಮೇಲಿಂದ ಕುತ್ತಿಗೆಗೆ ಇಳಿಸಿದಳು. ಹಾರದ ದಾರ ಒಂದು ತೆರೆದ ಗಾಯದ ಮೇಲೆ ಬರುತ್ತಿತ್ತು. ಅಜ್ಜಿ ಎಡಗೈಯ ಎರಡು ಬೆರಳನ್ನು ದಾರದ ಕೆಳಗೆ ತೂರಿಸಿ ಅದನ್ನು ಒಂದು ಇಂಚು ಮೇಲೆತ್ತಿ ಹಿಡಿದಳು. ಬಲಗೈಯಲ್ಲಿ ಆರತಿ. ಆರತಿ ಮುಗಿಯುವ ತನಕ, ಆಮೇಲೆ ಸೊಸೆ, ಮೊಮ್ಮಕ್ಕಳು ಒಬ್ಬೊಬ್ಬರಾಗಿ ಬಂದು ನಮಸ್ಕರಿಸುವ ತನಕ, ಆ ಎರಡು ಬೆರಳು ಹಾಗೆಯೇ ಇದ್ದವು. ಮುಪ್ಪಿನ ಕೈ, ನಡುಗುತ್ತಿತ್ತು, ದಾರ ಮಾತ್ರ ಗಾಯಕ್ಕೆ ತಾಗಲಿಲ್ಲ. ನಾನು ಹಸುವಿನ ಗದ್ದವನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ.

ಅದು ಸತ್ತದ್ದು ಶನಿವಾರ. ನಡುವಿನ ಆ ದಿನಗಳೇ ನನ್ನನ್ನು ಬಹಳ ಕಾಡಿವೆ. ಬದುಕಲಾರದ ಪ್ರಾಣಿಯ ನೋವನ್ನು ಕೊನೆಗೊಳಿಸಲು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಪಾಡ್ಯದ ದಿನ ಆರತಿ ಎತ್ತಿಸಿಕೊಂಡ ಹಸುವಿಗೆ ಆ ಮಾತನ್ನು ಆಡುವವರು ಯಾರು? ಅಜ್ಜಿಯನ್ನು ನಾನು ಕೇಳಲಿಲ್ಲ, ಕೇಳುವ ಸ್ಥಾನವೂ ನನ್ನದಲ್ಲ. ಹೊರದೇಶಗಳ ಪಶು ಆಸ್ಪತ್ರೆಗಳ ಸಿಬ್ಬಂದಿ ಬರೆದದ್ದನ್ನು ಓದಿದರೆ, ದಿನಕ್ಕೆ ಹಲವು ಪ್ರಾಣಿಗಳಿಗೆ ದಯಾಮರಣ ನೀಡುವಾಗ ಹಿಡಿದುಕೊಂಡು ನಿಲ್ಲುವುದೇ ತಮ್ಮ ದೊಡ್ಡ ಹೊರೆ ಎನ್ನುತ್ತಾರೆ. ನಮ್ಮ ಹೊರೆ ಅದರ ಇನ್ನೊಂದು ಮಗ್ಗುಲು. ಕೊನೆಗೊಳಿಸಲಾಗದೆ, ಗುಣಪಡಿಸಲೂ ಆಗದೆ, ನೊಣ ಓಡಿಸುತ್ತಾ ಕೂರುವುದು. ಯಾವುದು ಹಗುರ ಎಂದು ತೂಗಲು ನನಗೆ ಬರುವುದಿಲ್ಲ.

ರೋಗ ಹೋದ ಮೇಲೆ

ವಿಚಿತ್ರವೆಂದರೆ ಆ ಮೂರು ತಿಂಗಳು ನನಗೆ ಏನೂ ಆಗಲಿಲ್ಲ. ಬೆಳಗ್ಗೆ ಆರಕ್ಕೆ ಹೊರಡುತ್ತಿದ್ದೆ, ರಾತ್ರಿ ಬಿದ್ದರೆ ನಿದ್ರೆ. ಆದದ್ದು ಮಾರ್ಚ್‌ನಲ್ಲಿ, ಎಲ್ಲ ತಣ್ಣಗಾದ ಮೇಲೆ. ನಸುಕಿನ ಮೂರಕ್ಕೆ ಎಚ್ಚರವಾಗಲು ಶುರುವಾಯಿತು. ಎದ್ದು ಚೀಲ ತೆರೆದು ಸೂಜಿ ಎಣಿಸುತ್ತಿದ್ದೆ. ಎಣಿಸಿ ಮಲಗಿ, ಲೆಕ್ಕ ತಪ್ಪಿತೇನೋ ಎಂದು ಮತ್ತೆ ಎದ್ದು ಎಣಿಸುತ್ತಿದ್ದೆ. ಫೋನು ಬಡಿದರೆ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಗುತ್ತಿತ್ತು. ಒಂದು ದಿನ ಆಡು ಹಿಡಿದುಕೊಂಡು ಮುಚ್ಚುವ ಹೊತ್ತಿಗೆ ಬಂದ ಮುದುಕನ ಮೇಲೆ ಕೂಗಾಡಿಬಿಟ್ಟೆ. ಆತ ಏನೂ ಅನ್ನದೆ ಆಡಿನ ಹಗ್ಗ ಸುತ್ತಿಕೊಂಡು ಹಿಂದಿರುಗಿದ. ಆ ಬೆನ್ನು ಈಗಲೂ ಕಣ್ಣಿಗೆ ಕಟ್ಟುತ್ತದೆ.

ನನಗೆ ಏನೋ ಆಗಿದೆ ಎಂದು ಖಚಿತವಾದದ್ದು ಇದಾವುದರಿಂದಲೂ ಅಲ್ಲ, ಒಂದು ಹಾಲುಜ್ವರದ ಹಸುವಿನಿಂದ. ಕರು ಹಾಕಿ ಒಂದು ದಿನವಾದ ಹಸು, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಂಡು ಬಿದ್ದಿತ್ತು, ಕಿವಿ ತಣ್ಣಗೆ, ಸತ್ತಿತೆಂದೇ ಮನೆಯವರು ಅಳುತ್ತಿದ್ದರು. ಕ್ಯಾಲ್ಸಿಯಂ ಬಾಟಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ವೈದ್ಯರು ನಿಧಾನವಾಗಿ ರಕ್ತನಾಳಕ್ಕೆ ಬಿಟ್ಟರು. ಬಾಟಲಿ ಅರ್ಧವಾಗುವಷ್ಟರಲ್ಲಿ ಮೈ ನಡುಕ ಬಂತು, ಮೂಗಿನ ತುದಿಯಲ್ಲಿ ಬೆವರ ಹನಿ ಮೂಡಿತು, ತೇಗಿತು, ಸಗಣಿ ಹಾಕಿತು, ಸ್ವಲ್ಪ ಹೊತ್ತಿಗೆ ಹಿಂಗಾಲು ಊರಿ ಎದ್ದು ನಿಂತು ಕರುವನ್ನು ಮೂಸಿತು. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ. ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು. ಆ ದಿನ ಏನೂ ಅನ್ನಿಸಲಿಲ್ಲ. ಬಾಟಲಿಯ ಮುಚ್ಚಳ ಹುಡುಕುತ್ತಾ ನಿಂತಿದ್ದೆ.

ಮೂರು ಗಂಟೆಯ ಆ ಎಚ್ಚರದಲ್ಲಿ ಮೊಬೈಲ್ ಹಿಡಿದು ಓದಿದೆ. ಅಮೆರಿಕದ ಪಶುವೈದ್ಯರ 1979ರಿಂದ 2015ರವರೆಗಿನ ಸಾವಿನ ದಾಖಲೆಗಳನ್ನು ನೋಡಿದವರು, ಮಹಿಳಾ ಪಶುವೈದ್ಯರಲ್ಲಿ ಆತ್ಮಹತ್ಯೆ ಸಾಮಾನ್ಯ ಜನರಿಗಿಂತ 3.5 ಪಟ್ಟು ಹೆಚ್ಚೆಂದು ಕಂಡುಕೊಂಡಿದ್ದರು. ಕಂಪ್ಯಾಷನ್ ಫಟೀಗ್ ಎಂಬ ಮಾತೂ ಅಲ್ಲೇ ಸಿಕ್ಕಿತು, ಕರುಣೆಯ ದಣಿವು. 1990ರ ದಶಕದಲ್ಲಿ ಮನುಷ್ಯರ ಆಸ್ಪತ್ರೆಗಳ ದಾದಿಯರ ಬಗ್ಗೆ ಹುಟ್ಟಿದ ಮಾತಂತೆ. ನನಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ. ನನ್ನ ಕರುಣೆ ದಣಿದಿರಲಿಲ್ಲ. ಕನ್ನಡದಲ್ಲಿ ಕೈಲಾಗದು ಎಂಬ ಮಾತಿದೆಯಲ್ಲ, ನನ್ನದು ಅದು. ಈ ಕೈಯಿಂದ ಏನಾಗಲಿಲ್ಲ, ಈ ಕೈಯಿಂದ ಏನಾಗಿ ಹೋಯಿತು ಎಂಬುದು ಎದೆಯಲ್ಲಿ ಕೂತು, ಅದನ್ನು ಕೇಳುವವರು ಯಾರೂ ಇಲ್ಲದಿದ್ದಾಗ ಬರುವ ಕಾಯಿಲೆ. ಅಳುವ ಹಕ್ಕು ಮನೆಯವರದು, ತೀರ್ಮಾನ ವೈದ್ಯರದು. ಹಿಡಿದುಕೊಂಡವಳ ಪಾಲಿಗೆ ಬಂದದ್ದನ್ನು ಯಾವ ಹೆಸರಿನಿಂದ ಕರೆಯುವುದು? ಮೆಲುಕು ನಿಂತರೆ ಹಸುವಿಗೆ ರೋಗ. ನನಗೆ ಮೆಲುಕು ನಿಲ್ಲದೆ ರೋಗ ಬಂದಿತ್ತು.

ಮಂಗಳವಾರದ ಸಾಲು

ಒಂದು ರಾತ್ರಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮನಸ್ ಎಂಬ ಆ ಸಹಾಯವಾಣಿ ಶುರುವಾದದ್ದು 2022ರ ಅಕ್ಟೋಬರ್‌ನಲ್ಲೇ, ನಾನು ಕಿವಿಯೋಲೆಗಳ ಚಿತ್ರ ತೆಗೆಯುತ್ತಿದ್ದ ತಿಂಗಳಲ್ಲಿ. ಕನ್ನಡದಲ್ಲೇ ಮಾತಾಡಿದರು. ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ ಎಂದು ಆಕೆ ಕೇಳಿದಾಗ ಗಂಟಲು ಕಟ್ಟಿತು. ಹಸು ಎಂದೆ. ನಿಮ್ಮ ಹಸುವೇ? ಅಲ್ಲ ಎಂದೆ. ಆಕೆ ಆತುರಪಡಲಿಲ್ಲ, ನಗಲಿಲ್ಲ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ವಿಚಾರಿಸಿ ಹೋಗಿ ತೋರಿಸಿಕೊಳ್ಳಿ ಎಂದು ಹೇಳಿದಳು.

ನಮ್ಮಲ್ಲಿ ಅವರು ಬರುವುದು ಮಂಗಳವಾರ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ರೂಪುಗೊಂಡದ್ದೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, 1980ರ ದಶಕದಲ್ಲಿ, ನಿಮ್ಹಾನ್ಸ್‌ನವರ ಕೈಯಲ್ಲಿ. ಅಷ್ಟು ಹತ್ತಿರದ್ದನ್ನು ನಾನು ಅಷ್ಟು ದೂರ ಇಟ್ಟಿದ್ದೆ. ಸಾಲಿನಲ್ಲಿ ಕುಳಿತಿದ್ದಾಗ ಪರಿಚಯದ ರೈತರೊಬ್ಬರು ಎದುರಾದರು. ಅವರ ಖಿಲಾರಿ ಎತ್ತಿನ ಚಿತ್ರ ನನ್ನ ಮೊಬೈಲಿನಲ್ಲಿತ್ತು, ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಿಂತವರು ಅವರೇ.

"ಮೇಡಂ, ಯಾರನ್ನು ಕರೆದುಕೊಂಡು ಬಂದಿರಿ?" ಎಂದರು.

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. "ನನ್ನನ್ನೇ ತೋರಿಸಲು ಬಂದೆ" ಎಂದೆ.

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಪಕ್ಕದ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಹೆಂಡತಿಯ ಕಡೆ ಕೈ ತೋರಿಸಿದರು. "ಎತ್ತು ಹೋದಾಗಿನಿಂದ ಸರಿಯಾಗಿ ಉಣ್ಣುತ್ತಿಲ್ಲ. ಗೋದಲಿಯ ಮುಂದೆ ಹೋಗಿ ಕೂರುತ್ತಾಳೆ." ನಾನು ಎದ್ದು ಆಕೆಯ ಪಕ್ಕ ಕುಳಿತೆ. ಇಬ್ಬರೂ ಮಾತಾಡಲಿಲ್ಲ. ಆಕೆಯ ಸರದಿ ಮೊದಲು ಬಂತು.

ಮಾತ್ರೆ ಕೊಟ್ಟರು, ಎಂಟು ತಿಂಗಳು ತೆಗೆದುಕೊಂಡೆ. ರಾಸಿಗೆ ಪೂರ್ತಿ ಕೋರ್ಸ್ ಮುಗಿಸಿ ಎಂದು ಹೇಳುವವಳು ನಡುವೆ ಬಿಡುವುದು ಹೇಗೆ? ನಿದ್ರೆ ಮರಳಿತು. ಸೂಜಿಯ ವಿಷಯವನ್ನು ಮೊದಲು ಮನೋವೈದ್ಯರಿಗೆ ಹೇಳಿದೆ, ಆಮೇಲೆ ಧೈರ್ಯ ಮಾಡಿ ನಮ್ಮ ಪಶುವೈದ್ಯರಿಗೆ. ನಿನ್ನ ತಪ್ಪಲ್ಲ ಎಂದು ಅವರು ಹೇಳಿಬಿಡುತ್ತಾರೆಂದು ಹೆದರಿದ್ದೆ, ಯಾಕೆಂದರೆ ಎಣಿಸದೆ ಹೊರಟದ್ದು ನನ್ನ ತಪ್ಪೇ. ಅವರು ಹಾಗೆ ಹೇಳಲಿಲ್ಲ. ತುಂಬಾ ಹೊತ್ತು ಮೇಜಿನ ಮೇಲಿನ ರಬ್ಬರ್ ಕೈಗವಸು ಮಡಚುತ್ತಾ ಕುಳಿತು, ತಮ್ಮದೊಂದು ಹೆರಿಗೆಯ ಪ್ರಕರಣ ಹೇಳಿದರು. ಐದು ವರ್ಷ ಹಳೆಯದು. ಕರು, ಎಮ್ಮೆ ಎರಡೂ ಹೋದದ್ದು. ಆ ಕೈಯನ್ನು ಒಂದು ಗಂಟೆ ಮೊದಲು ಹಾಕಿದ್ದರೆ ಎಂದು ಅವರೂ ರಾತ್ರಿ ಎದ್ದು ಕೂರುತ್ತಾರಂತೆ. ಏಳು ವರ್ಷದಿಂದ ಒಂದೇ ಜೀಪಿನಲ್ಲಿ ಓಡಾಡಿದವರು ನಾವು.

ಕೆಳಗಿನ ಓಣಿಯ ಆ ಮನೆಯವರಿಗೆ ನಾನು ಇನ್ನೂ ಹೇಳಿಲ್ಲ. ಆಕೆ ಈಗಲೂ ನನ್ನನ್ನು ಕಂಡರೆ ಮಜ್ಜಿಗೆ ಕುಡಿದು ಹೋಗಿ ಎನ್ನುತ್ತಾಳೆ. ಹೇಳಬೇಕು. ಹೇಳಿದರೆ ನನ್ನ ಭಾರ ಇಳಿಯುತ್ತದೆ, ಆದರೆ ಅದು ಆಕೆಯ ಮೇಲೆ ಇಳಿಯುತ್ತದೆಯಲ್ಲ ಎಂಬ ಯೋಚನೆ ಬಂದು ಸುಮ್ಮನಾಗುತ್ತೇನೆ. ಇದು ಆಕೆಯ ಮೇಲಿನ ಕಾಳಜಿಯೋ ನನ್ನ ಹೇಡಿತನವೋ ನನಗೆ ಬಗೆಹರಿದಿಲ್ಲ.

ರಾತ್ರಿ ಒಂಬತ್ತರ ನಂತರ ಬರುವ ಫೋನುಗಳಲ್ಲಿ ಹೆರಿಗೆ, ಹೊಟ್ಟೆಯುಬ್ಬರ ಬಿಟ್ಟು ಉಳಿದವಕ್ಕೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಎಂದು ಹೇಳುವುದನ್ನು ಕಲಿಯುತ್ತಿದ್ದೇನೆ. ಕೆಲವು ದಿನ ಹೇಳಲಾಗುತ್ತದೆ. ಬೆಳಗ್ಗೆ ಸೂಜಿ ಎಣಿಸುತ್ತೇನೆ, ಒಂದೇ ಸಲ.

ಈಚೆಗೆ ನಮ್ಮಲ್ಲಿಗೆ ಹೊಸದಾಗಿ ಒಬ್ಬ ಹುಡುಗಿ ಬಂದಿದ್ದಾಳೆ, ಡಿಪ್ಲೊಮಾ ಮುಗಿಸಿ ಇನ್ನೂ ವರ್ಷವಾಗಿಲ್ಲ. ಕಳೆದ ತಿಂಗಳು ಒಂದು ಹೆರಿಗೆಗೆ ಹೋಗಿದ್ದೆವು. ಕರುವಿನ ತಲೆ ಹಿಂದಕ್ಕೆ ತಿರುಗಿತ್ತು. ಎರಡು ಗಂಟೆ ಒದ್ದಾಡಿ ಹೊರತೆಗೆದಾಗ ಕರು ಸತ್ತಿತ್ತು, ಹಸು ಉಳಿಯಿತು. ತಲೆ ಹಿಡಿದವಳು ಅವಳು. ಹಿಂದಿರುಗುವಾಗ ಕಾಲುವೆಯ ಹತ್ತಿರ ಸ್ಕೂಟರ್ ನಿಲ್ಲಿಸಿ, ಬೂಟು ಕಳಚಿ, ಕೇಳಿದೆ. ಏನಿಲ್ಲ ಮೇಡಂ ಎಂದಳು. ನಾನು ನನ್ನ ಬೂಟು ಉಜ್ಜತೊಡಗಿದೆ. ಅವಳೂ ಉಜ್ಜಿದಳು. ಬಹಳ ಹೊತ್ತಾದ ಮೇಲೆ, "ಆ ಮನೆಯವರು ಕೊಟ್ಟ ಚಹಾ ಕುಡಿಯದೆ ಹಾಗೆಯೇ ಇಟ್ಟು ಬಂದೆ. ತಪ್ಪು ತಿಳಿದುಕೊಂಡರೇನೋ" ಎಂದಳು. ಆಮೇಲೆ ಲೋಟ ಹಿತ್ತಾಳೆಯದ್ದೆಂದು ಹೇಳಿದಳು. ಆಮೇಲೆ, ಕರು ಕಪ್ಪು, ಹಣೆಯ ಮೇಲೆ ಒಂದು ಬಿಳಿ ಚುಕ್ಕೆ, ನಾಲಗೆ ಹೊರಗೆ ಚಾಚಿತ್ತು ಎಂದಳು.

ನಾನು ಹ್ಞೂಂ ಎಂದೆ. ಕಾಲುವೆಯಲ್ಲಿ ನೀರು ಕಡಿಮೆಯಿತ್ತು, ಬೂಟು ತೊಳೆಯಲು ಹೆಚ್ಚು ಹೊತ್ತು ಹಿಡಿಯಿತು.